ಕತ್ತಲೆಯಲ್ಲಿ ನೂರು ಬಿಲಿಯನ್

ನಮ್ಮ ಅತ್ತೆಯ ಕೆಲಸ ಕತ್ತಲೆಯಲ್ಲಿ ಮಾತಾಡುವುದು. ಹೀಗೆಂದ ಕೂಡಲೇ ಹೊಸಬರು ಹುಬ್ಬೇರಿಸುತ್ತಾರೆ. ಆಗ ಬಿಡಿಸಿ ಹೇಳಬೇಕಾಗುತ್ತದೆ: ತಾರಾಲಯದ ಗುಮ್ಮಟದ ಒಳಮೈಯಲ್ಲಿ ಯಂತ್ರದಿಂದ ನಕ್ಷತ್ರಗಳನ್ನು ಮೂಡಿಸುತ್ತಾರಲ್ಲ, ಆಗ ಮೈಕು ಹಿಡಿದು ಆಕಾಶವನ್ನು ಪರಿಚಯ ಮಾಡಿಕೊಡುವ ದನಿ ಅವರದು. ಶಾಲೆಯ ಮಕ್ಕಳು ಅವರನ್ನು 'ಆಕಾಶದಮ್ಮ' ಅನ್ನುತ್ತಾರೆ. ತರಕಾರಿ ಅಂಗಡಿಯಲ್ಲಿ ಯಾರದೋ ಮಗು, "ಅಮ್ಮಾ, ಅಲ್ನೋಡು, ಆಕಾಶದಮ್ಮ ಬದನೆಕಾಯಿ ತಗೋತಿದಾರೆ!" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ.

ಅಲ್ಲಿಗೆ ಅವರು ಸೇರಿದ್ದು ಕುರ್ಚಿ ಒರೆಸಲು. ಹಿಂದಕ್ಕೆ ವಾಲುವ ಆ ಕುರ್ಚಿಗಳ ಅಡಿಯಿಂದ ಚೂಯಿಂಗ್ ಗಮ್ ಕೆರೆದು ತೆಗೆಯುವುದು, ಬಿಟ್ಟುಹೋದ ನೀರಿನ ಬಾಟಲಿ, ಒಂಟಿ ಚಪ್ಪಲಿ ಎತ್ತಿಡುವುದು, ಮತ್ತೆ ದೀಪ ಆರಿದೊಡನೆ ಹೋ ಎಂದು ಅಳುವ ಚಿಕ್ಕವರನ್ನು ಬಾಗಿಲಿನ ಕಪ್ಪು ಪರದೆಯ ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಮಾಡುವುದು. "ನೋಡು, ಅಗೋ ಒಂದು ಬಂತು. ತಡಿ, ಇನ್ನೊಂದು ಬರ್ತಾ ಇದೆ" ಎಂದು ಅವರು ಪಿಸುಗುಡುತ್ತಿದ್ದರೆ ಅಳುವ ಮಗುವಿನ ಜೊತೆಗೆ ಸುತ್ತಲಿನ ನಾಲ್ಕು ಸಾಲೂ ಮೈಕಿನವರನ್ನು ಬಿಟ್ಟು ಇವರಿಗೇ ಕಿವಿ ಕೊಡುತ್ತಿತ್ತಂತೆ. ಅದನ್ನು ಗಮನಿಸಿದ ನಿರ್ದೇಶಕರು ಒಂದು ದಿನ ಮೈಕನ್ನೇ ತಂದು ಅವರ ಕೈಗಿಟ್ಟರು. ಅಂದಿನಿಂದ ಕನ್ನಡದ ಪ್ರದರ್ಶನ ಅತ್ತೆಯದು.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರ ಪ್ರದರ್ಶನ ನೋಡಲು ಹೋಗಿದ್ದೆ. ದೀಪ ಆರಿದ ಮೇಲೆ ಬಹಳ ಹೊತ್ತು ಅವರು ಏನನ್ನೂ ಹೇಳಲಿಲ್ಲ. ಮೈಕು ಕೆಟ್ಟಿತೇನೋ ಎಂದು ನನಗೆ ಗಾಬರಿ. ಮನೆಗೆ ಬಂದು ಕೇಳಿದಾಗ ನಕ್ಕರು. "ಕತ್ತಲೆಗೆ ಅವಸರ ಮಾಡಬಾರದಮ್ಮ. ಕಣ್ಣು ಒಗ್ಗೋಕೆ ಬಿಡಬೇಕು. ಮಾತು ಆಮೇಲೆ." ಮಗಳು ಹುಟ್ಟಿದ ಮೇಲೆ ಅವಳನ್ನು ಮಲಗಿಸುವಾಗಲೂ ಅವರದು ಅದೇ ಕ್ರಮ. ನಾನು ಲಾಲಿ ಹಾಡಿ ಹಾಡಿ ಸೋತ ಮೇಲೆ ಅವರು ಬಂದು ಎತ್ತಿಕೊಂಡು ಸುಮ್ಮನೆ ನಿಲ್ಲುತ್ತಾರೆ. ಅವಳೂ ಸುಮ್ಮನಾಗುತ್ತಾಳೆ. ಹೊಟ್ಟೆಕಿಚ್ಚಾಗುತ್ತದೆ, ಆದರೆ ಆ ಹೊತ್ತಿಗೆ ಪಾತ್ರೆ ತೊಳೆದು ಮುಗಿಯುತ್ತದೆ.

ಈ ವರ್ಷ ತೊಡಕು ಶುರುವಾದದ್ದು ಇಂಗ್ಲಿಷಿನಿಂದ. ಇಂಗ್ಲಿಷ್ ಶಾಲೆಗಳಿಂದ ಬರುವ ಮಕ್ಕಳು ಹೆಚ್ಚಾದರು. ಅವರಿಗಾಗಿ ಇಂಗ್ಲಿಷ್ ಪ್ರದರ್ಶನ ಬೇಕೆಂದು ಬೇಡಿಕೆ ಬಂತು. ಯಾವುದೋ ಕಂಪನಿಯವರು ಮೊದಲೇ ಧ್ವನಿಮುದ್ರಿಸಿದ ವಿವರಣೆಯನ್ನು ಹಿಡಿದು ಬಂದರು. ಅದನ್ನು ಕೊಂಡರೆ ಗುಂಡಿ ಒತ್ತಿದರೆ ಸಾಕು, ಇಂಗ್ಲಿಷೂ ಬರುತ್ತದೆ, ಕನ್ನಡವೂ ಬರುತ್ತದೆ. ನಿರ್ದೇಶಕರು ಅತ್ತೆಯನ್ನು ಕರೆದು ನೇರವಾಗಿಯೇ ಹೇಳಿದರು: "ನೀವೇ ಎರಡನ್ನೂ ಮಾಡ್ತೀರಿ ಅಂದ್ರೆ ಆ ಕಂಪನಿಯವರನ್ನ ವಾಪಸ್ ಕಳಿಸ್ತೀನಿ. ಆಗಲ್ಲ ಅಂದ್ರೆ ನಿಮ್ಮನ್ನ ಟಿಕೆಟ್ ಕಿಟಕಿಗೆ ಹಾಕ್ತೀನಿ. ಕೆಲಸ ಎಲ್ಲೂ ಹೋಗಲ್ಲ, ಯೋಚನೆ ಮಾಡಬೇಡಿ."

ಕೆಲಸ ಹೋಗದು ನಿಜ. ಆದರೆ ಟಿಕೆಟ್ ಕಿಟಕಿಯಲ್ಲಿ ಕತ್ತಲೆ ಇಲ್ಲ, ಆಕಾಶವೂ ಇಲ್ಲ. ಅತ್ತೆ ಅಂದು ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯವರೆಗೆ ನಡೆದು ಬಂದಿದ್ದರು.

ಅವರಿಗೆ ಇಂಗ್ಲಿಷ್ ಬಾರದೆಂದಲ್ಲ. ವಾಕ್ಯ ಕಟ್ಟುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ನಾನು ಕೂತು ವಿವರಣೆಯನ್ನು ಅವರ ಮಾತಿನ ಜಾಡಿಗೆ ಹೊಂದುವಂತೆ ಬರೆದುಕೊಟ್ಟೆ. ವಾರದೊಳಗೆ ಚಂದ್ರ, ಮಂಗಳ, ಶನಿ ಎಲ್ಲ ನಾಲಗೆಗೆ ಬಂದವು. ಎಡವಿದ್ದು ಸಂಖ್ಯೆಯಲ್ಲಿ. ನಿರ್ದೇಶಕರ ಮುಂದೆ ಮೊದಲ ತಾಲೀಮು ಮುಗಿಸಿ ಬಂದ ದಿನ ಮುಖ ಸಣ್ಣದಾಗಿತ್ತು. ಮಾವನವರು ಆಗ ತಾನೇ ಬೇಕರಿಯಿಂದ ಬಂದು ಕೂತಿದ್ದರು. ಅವರು ಅಲ್ಲಿ ಬೆಳಗಿನ ಪಾಳಿಯಲ್ಲಿ ಬ್ರೆಡ್ ಸುಡುವವರು. ಮಧ್ಯಾಹ್ನ ಮನೆಗೆ ಬಂದರೂ ತೋಳಿನ ಕೂದಲಲ್ಲಿ ಹಿಟ್ಟು ಇರುತ್ತದೆ.

"ಏನಂದ್ರು ಸಾಹೇಬ್ರು?" ಎಂದರು ಮಾವ.

"ಆಕಾಶಗಂಗೆಗೆ ರಾತ್ರೋರಾತ್ರಿ ಹತ್ತು ಪಟ್ಟು ನಕ್ಷತ್ರ ತಂದು ಹಾಕಿಬಿಟ್ರಲ್ಲಮ್ಮಾ, ಎಲ್ಲಿಂದ ತಂದ್ರಿ ಅಂತ ಕೇಳಿದ್ರು."

"ನೀನು ಅಡುಗೆಗೆ ಉಪ್ಪು ಹಾಕೋದೂ ಹಾಗೇ ಅಲ್ವಾ, ಅಳತೆ ಎಲ್ಲಿದೆ ನಿನಗೆ?"

"ಇವರದ್ದೊಂದು," ಎಂದರು ಅತ್ತೆ. ನಗು ಬರಲಿಲ್ಲ.

ನಾನು ಕೇಳಿ ತಿಳಿದುಕೊಂಡೆ. ಆಕಾಶಗಂಗೆಯಲ್ಲಿ ಸುಮಾರು ಹತ್ತು ಸಾವಿರ ಕೋಟಿ ನಕ್ಷತ್ರ ಎಂದು ಅವರು ಕನ್ನಡದಲ್ಲಿ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಅದನ್ನು ಇಂಗ್ಲಿಷಿನಲ್ಲಿ ನೂರು ಬಿಲಿಯನ್ ಅನ್ನಬೇಕು. ನಾನು ಪುಸ್ತಕ ನೋಡಿ ಹಾಗೆಯೇ ಬರೆದೂ ಕೊಟ್ಟಿದ್ದೆ. ಅತ್ತೆ ಹಾಳೆ ನೋಡದೆ, ಮನಸ್ಸಿನಲ್ಲೇ ಲೆಕ್ಕ ಹಾಕಿ ಸಾವಿರ ಬಿಲಿಯನ್ ಅಂದುಬಿಟ್ಟಿದ್ದರು.

"ಹೇಗೆ ಹಾಕಿದ್ರಿ ಲೆಕ್ಕ?"

"ನಮ್ಮಲ್ಲಿ ನೂರು ಸಾವಿರ ಸೇರಿದ್ರೆ ಲಕ್ಷ. ನೂರು ಲಕ್ಷ ಸೇರಿದ್ರೆ ಕೋಟಿ. ಹಾಗೇ ನೂರು ಮಿಲಿಯನ್ ಸೇರಿದ್ರೆ ಬಿಲಿಯನ್ ಅಂದ್ಕೊಂಡೆ. ಅಲ್ವಾ ಮತ್ತೆ?"

ಅಲ್ಲ. ಆದರೆ ಯಾಕಲ್ಲ ಎಂದು ವಿವರಿಸುವುದು ನನಗೂ ತಕ್ಷಣ ಆಗಲಿಲ್ಲ. ಪತ್ರಿಕೆಯಲ್ಲಿ ಬಿಲಿಯನ್ ಎಂದು ಕಂಡರೆ 'ತುಂಬಾ' ಎಂದು ಓದಿಕೊಂಡು ಮುಂದೆ ಹೋಗುವವಳು ನಾನು. ಅಷ್ಟರಲ್ಲಿ ಮಗಳು ಎದ್ದಳು, ಒದ್ದೆ ಮಾಡಿಕೊಂಡಿದ್ದಳು, ಮಾತು ಅಲ್ಲಿಗೆ ನಿಂತಿತು.

ಉತ್ತರ ಹೊಳೆದದ್ದು ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ, ಮಗುವಿನ ಲಂಗೋಟಿ ಒಣಹಾಕುವಾಗ. ಹಗ್ಗದ ಮೇಲೆ ಸಾಲಾಗಿ ಬಿಳಿಯವು ತೂಗುತ್ತಿದ್ದವು. ಸೊನ್ನೆಗಳು ಹೀಗೇ ಅಲ್ಲವೇ ಅನ್ನಿಸಿತು. ಅತ್ತೆಯನ್ನು ಕೂಗಿದೆ. ಎಡತುದಿಯಲ್ಲಿ ಮಾವನವರ ಒಂದು ಉದ್ದನೆಯ ಪ್ಯಾಂಟು ನೇತುಹಾಕಿದೆ. ಅದು ಒಂದು. ಅದರ ಬಲಕ್ಕೆ ಹನ್ನೊಂದು ಲಂಗೋಟಿ. ಅವು ಸೊನ್ನೆ. ನಮ್ಮ ಆಕಾಶಗಂಗೆ ಹಗ್ಗದ ಮೇಲೆ ಬಂತು.

"ಈಗ ಬಲಗಡೆಯಿಂದ ಏಳು ಸೊನ್ನೆನ ಕೋಟಿಗೆ ಕೊಡಿ ಅತ್ತೆ. ಎಷ್ಟು ಉಳೀತು?"

"ನಾಲ್ಕು."

"ಪ್ಯಾಂಟಿನ ಜೊತೆ ನಾಲ್ಕು ಸೊನ್ನೆ ಅಂದ್ರೆ?"

"ಹತ್ತು ಸಾವಿರ. ಹತ್ತು ಸಾವಿರ ಕೋಟಿ. ಸರಿ."

"ಈಗ ಅದನ್ನ ಮರೆತುಬಿಡಿ. ಇಂಗ್ಲಿಷಿನವರು ಮೂರು ಮೂರೇ ಸೊನ್ನೆ ಹೆಜ್ಜೆ ಹಾಕ್ತಾರೆ. ಮೂರಾದ್ರೆ ಸಾವಿರ. ಇನ್ನು ಮೂರು ಸೇರಿದ್ರೆ ಮಿಲಿಯನ್. ಇನ್ನೂ ಮೂರಕ್ಕೆ ಬಿಲಿಯನ್. ನಾವು ಸಾವಿರದ ಮೇಲೆ ಎರಡೆರಡೇ ಹತ್ತೋದು, ಅದಕ್ಕೇ ತಪ್ಪಿದ್ದು."

ಅತ್ತೆ ತಾವೇ ಕ್ಲಿಪ್ಪು ತೆಗೆದು ಲಂಗೋಟಿಗಳನ್ನು ಮೂರು ಮೂರಾಗಿ ಸರಿಸಿ, ನಡುವೆ ಜಾಗ ಬಿಟ್ಟು ಸಿಕ್ಕಿಸಿದರು. ಮೂರು, ಮೂರು, ಮೂರು. ಒಂಬತ್ತಾಯಿತು, ಅಲ್ಲಿಗೆ ಬಿಲಿಯನ್. ಎಡಕ್ಕೆ ಪ್ಯಾಂಟು ಮತ್ತು ಎರಡು ಲಂಗೋಟಿ ಉಳಿದವು.

"ನೂರು!" ಎಂದರು. "ನೂರು ಬಿಲಿಯನ್. ಅಂದ್ರೆ ಅವರ ಮೆಟ್ಟಿಲು ನಮ್ಮದಕ್ಕಿಂತ ಎತ್ತರ ಕಣಮ್ಮ. ನಾನು ನಮ್ಮ ಮೆಟ್ಟಿಲು ಅಂದ್ಕೊಂಡು ಕಾಲಿಟ್ಟೆ, ಮುಗ್ಗರಿಸಿದೆ."

"ಬಿಲಿಯನ್ನಿಗೆ ಇನ್ನೂ ಮೂರು ಸೇರಿಸಿದ್ರೆ ಟ್ರಿಲಿಯನ್. ನಮ್ಮ ಲೆಕ್ಕದಲ್ಲಿ ಲಕ್ಷ ಕೋಟಿ."

"ಅದು ಬೇಡ. ಅಷ್ಟು ಲಂಗೋಟಿ ಮನೇಲಿಲ್ಲ."

ಮಾವ ಹೊರಗೆ ಬಂದು ನೋಡಿ, ತಮ್ಮ ಪ್ಯಾಂಟನ್ನು ಆಕಾಶಗಂಗೆಗೆ ಯಾಕೆ ಸೇರಿಸಿದಿರಿ ಎಂದು ತಕರಾರು ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಒಣಹಾಕಿದರೂ ಲಂಗೋಟಿ ಮೂರು ಮೂರೇ. ಕೆಲಸದಿಂದ ತಡವಾಗಿ ಬರುವ ನನ್ನ ಗಂಡನಿಗೂ ಅದೇ ರೂಢಿಯಾಯಿತು, ಯಾಕೆಂದು ಕೇಳದೆಯೇ.

ಎರಡನೆಯ ತಾಲೀಮಿನಲ್ಲಿ ಸಂಖ್ಯೆ ತಪ್ಪಲಿಲ್ಲ. ಆದರೂ ನಿರ್ದೇಶಕರಿಗೆ ಸಮಾಧಾನವಾಗಲಿಲ್ಲವಂತೆ. "ಲೆಕ್ಕ ಸರಿಯಾಯ್ತಮ್ಮ. ಆದ್ರೆ ಫೋನ್ ನಂಬರ್ ಓದಿದ ಹಾಗಾಯ್ತು. ಕನ್ನಡದಲ್ಲಿ ನೀವು ಹತ್ತು ಸಾವಿರ ಕೋಟಿ ಅಂದಾಗ ನನಗೇ ಮೈ ಜುಮ್ ಅನ್ನತ್ತೆ. ಅದು ಇಲ್ಲಿ ಬರ್ತಿಲ್ಲ. ಬರೀ ಓದೋದಾದ್ರೆ ಆ ಯಂತ್ರವೇ ಓದತ್ತಲ್ಲ?" ಬರುವ ವಾರ ಒಂದು ಇಂಗ್ಲಿಷ್ ಶಾಲೆಯವರು ಬರುತ್ತಾರೆ, ಅದನ್ನು ಮಾಡಿ ನೋಡೋಣ, ಆಮೇಲೆ ತೀರ್ಮಾನ ಎಂದರಂತೆ.

ಅತ್ತೆಗೆ ಆ ಮಾತು ನಾಟಿತು. ನನ್ನ ಪಕ್ಕ ಕೂತು ಬೀನ್ಸ್ ನಾರು ತೆಗೆಯುತ್ತಾ ಹೇಳಿದರು: "ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕೋಟಿ ಅಂದ್ರೆ ಬಾಯಿ ತಾನಾಗೇ ತುಂಬತ್ತೆ. ಚಿಕ್ಕಂದಿನಿಂದ ಕೇಳಿದ ಮಾತು. ಬಿಲಿಯನ್ ಅಂದ್ರೆ ಬಾಯಲ್ಲಿ ಏನೂ ಇರಲ್ಲ. ಖಾಲಿ. ನನಗೇ ಕಾಣದೇ ಇದ್ದದ್ದನ್ನ ಮಕ್ಕಳಿಗೆ ಹೇಗೆ ತೋರಿಸಲಿ?"

ನಾನು ಇನ್ನೊಂದು ಹಿಡಿ ಬೀನ್ಸ್ ಎಳೆದುಕೊಂಡೆ. ನಾರಿನ ಬಟ್ಟಲು ತುಂಬಿತು.

ಎರಡು ದಿನ ಕಳೆದು ಮಗಳಿಗೆ ಐದು ತಿಂಗಳ ತಪಾಸಣೆ ಇತ್ತು. ಅತ್ತೆಯೂ ಜೊತೆಗೆ ಬಂದರು. ನರ್ಸು ಎದೆಗೆ ಕೊಳವೆ ಇಟ್ಟು ಕೇಳಿ, "ನಿಮಿಷಕ್ಕೆ ನೂರ ಮೂವತ್ತು, ಚೆನ್ನಾಗಿದೆ" ಎಂದು ಬರೆದುಕೊಂಡರು.

"ಅಯ್ಯೋ, ಅಷ್ಟೊಂದಾ?" ಎಂದರು ಅತ್ತೆ.

"ಪುಟ್ಟ ಎದೆ ಅಲ್ವಾ ಅಮ್ಮ, ಬೇಗ ಬೇಗ ಹೊಡ್ಕೊಳತ್ತೆ. ದೊಡ್ಡೋರಾದಂಗೆ ನಿಧಾನ."

ಬಸ್ಸಿನಲ್ಲಿ ಬರುವಾಗ ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು ಫೋನು ತೆಗೆದು ಲೆಕ್ಕ ಒತ್ತುತ್ತಾ ಕೂತರು. ಇಳಿಯುವ ನಿಲ್ದಾಣ ಬಂದದ್ದೂ ತಿಳಿಯಲಿಲ್ಲ, ನಾನೇ ಎಬ್ಬಿಸಿದೆ. ಮೆಟ್ಟಿಲು ಹತ್ತುತ್ತಾ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಿನ್ನ ಮಗಳು ಹುಟ್ಟಿದ ವಾರದೊಳಗೇ ಮಿಲಿಯನ್ ದಾಟಿದಾಳೆ, ಗೊತ್ತಾ?"

"ಏನು ದಾಟಿದಾಳೆ?"

"ಎದೆಬಡಿತ. ಐದೂವರೆ ದಿನ ಸಾಕು ಹತ್ತು ಲಕ್ಷಕ್ಕೆ. ನಾವಿನ್ನೂ ಅವಳ ಮೂಗು ಯಾರ ಹಾಗಿದೆ ಅಂತ ಜಗಳ ಆಡ್ತಿದ್ವಲ್ಲ, ಆಗಲೇ. ಒಳ್ಳೇ ಲಕ್ಷಾಧೀಶೆ!"

ಮನೆಗೆ ಹೋಗಿ ಮಾವನವರ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಕೂತರು.

"ಇದೇನೇ ಇದು, ಸೊಸೆ ಎದುರಿಗೆ ಕೈ ಹಿಡಿಯೋದು? ವಯಸ್ಸೇನು ನಿನಗೆ?"

"ಸುಮ್ಮನಿರಿ, ಎಣಿಕೆ ತಪ್ಪತ್ತೆ. ಎಪ್ಪತ್ತೆರಡು. ನೋಡಮ್ಮ, ದೊಡ್ಡವರ ಲೆಕ್ಕ ಹಿಡಿದ್ರೆ ಇಪ್ಪತ್ತಾರು ವರ್ಷ ಚಿಲ್ಲರೆಗೆ ಒಂದು ಬಿಲಿಯನ್. ನಿನಗೆಷ್ಟು ಈಗ?"

"ಇಪ್ಪತ್ತಾರು ತುಂಬಿತು."

"ಹಾಗಾದ್ರೆ ಈಗ ನಿನ್ನ ಬಿಲಿಯನ್ ಹತ್ತಿರ ಹತ್ತಿರ. ನನಗೆ ಐವತ್ತಮೂರು. ಎರಡು ಬಿಲಿಯನ್ ಮುದುಕಿ ನಾನು."

"ಮತ್ತೆ ನಾನು?" ಮಾವ ಕೈ ಹಿಂತೆಗೆಯಲೇ ಇಲ್ಲ.

"ನಿಮ್ಮದು ಲೆಕ್ಕಕ್ಕಿಲ್ಲ. ಒಲೆ ಮುಂದೆ ನಿಂತು ನಿಂತು ಎದೆ ಹೇಗೆ ಓಡ್ತಿತ್ತೋ ಯಾರಿಗೆ ಗೊತ್ತು."

ಆ ಸಂಜೆ ಮಗಳನ್ನು ಎದೆಗೊರಗಿಸಿಕೊಂಡು ಹಾಲು ಕುಡಿಸುವಾಗ ನನಗೆ ಅದೇ ಯೋಚನೆ. ಐದೂವರೆ ದಿನ ಎಲ್ಲಿ, ಇಪ್ಪತ್ತಾರು ವರ್ಷ ಎಲ್ಲಿ. ಅವಳದು ನನ್ನದಕ್ಕಿಂತ ಬೇಗ ಬಡಿಯುತ್ತದೆ, ಹಾಗಿದ್ದೂ ಮಿಲಿಯನ್ನಿಗೂ ಬಿಲಿಯನ್ನಿಗೂ ನಡುವೆ ಇಷ್ಟು ದೂರವಿದೆ. ಶಾಲೆ, ಕಾಲೇಜು, ಮದುವೆ, ಬಸಿರು, ಬಾಣಂತನ ಎಲ್ಲವೂ ಆ ನಡುವೆ ಹಿಡಿಸಿವೆ. ಎರಡು ಪದಗಳು ಕಿವಿಗೆ ಅಕ್ಕತಂಗಿಯರ ಹಾಗೆ ಕೇಳುವುದರಿಂದ ನಾನು ಅವನ್ನು ಒಂದೇ ಮನೆಯವೆಂದು ತಿಳಿದಿದ್ದೆ.

ಪ್ರದರ್ಶನದ ದಿನ ಮಗುವನ್ನು ಕಟ್ಟಿಕೊಂಡು ನಾನೂ ಹೋದೆ. ಕಪ್ಪು ಪರದೆಯ ಪಕ್ಕ, ಹಿಂದೆ ಅತ್ತೆ ಅಳುವ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದ ಜಾಗದಲ್ಲೇ ನಿಂತೆ. ಇನ್ನೂರೈವತ್ತು ಕುರ್ಚಿಯೂ ತುಂಬಿತ್ತು. ಹತ್ತು ಹನ್ನೊಂದು ವರ್ಷದ ಮಕ್ಕಳು, ಕುರ್ಚಿ ಹಿಂದಕ್ಕೆ ವಾಲುತ್ತದೆಂಬ ಖುಷಿಗೇ ಅರ್ಧ ಗದ್ದಲ. ನಿರ್ದೇಶಕರು ಯಂತ್ರದ ಮೇಜಿನ ಬಳಿ ಕೂತಿದ್ದರು. ನನ್ನ ಹಾಳೆಯ ಒಂದು ಪ್ರತಿ ಅವರ ಮುಂದಿತ್ತು.

ದೀಪ ಆರಿತು. ಅತ್ತೆ ಕಾದರು. ಗದ್ದಲ ತಾನಾಗಿ ಇಳಿಯಿತು. ಆಮೇಲೆ ಅವರ ಇಂಗ್ಲಿಷ್ ಶುರುವಾಯಿತು. ಅದೇ ನಿಧಾನ, ಅದೇ ದನಿ. ಅಲ್ಲಲ್ಲಿ ಕ್ರಿಯಾಪದ ಹಿಂದೆ ಮುಂದೆ ಆಯಿತು, ಯಾರೂ ನಗಲಿಲ್ಲ. ಚಂದ್ರ ಮುಗಿಯಿತು, ಶನಿಯ ಬಳೆ ಮುಗಿಯಿತು. ಗುಮ್ಮಟದ ಈ ಅಂಚಿನಿಂದ ಆ ಅಂಚಿಗೆ ಆಕಾಶಗಂಗೆ ಹಾಲಿನ ಕಲೆಯಂತೆ ಹರಡಿತು. ಸಂಖ್ಯೆ ಬರುವ ಜಾಗ. ಅತ್ತೆ ಸುಮ್ಮನಾದರು.

ಮರೆತರೇ? ಮೇಜಿನ ಬಳಿ ಹಾಳೆ ಸರಿದ ಸದ್ದು ಕೇಳಿಸಿತು. ಆ ನಿಶ್ಶಬ್ದದಲ್ಲಿ ನನ್ನ ಮಗಳು ಜೋರಾಗಿ "ಹ್ಞಾ!" ಅಂದಳು. ಹಾಲ್ ಪೂರ್ತಿ ನಕ್ಕಿತು. ನನಗೆ ನೆಲದಲ್ಲಿ ಹುದುಗಿಹೋಗುವ ಹಾಗಾಯಿತು.

ಆಗ ಅತ್ತೆ ಹಾಳೆಯಲ್ಲಿ ಇಲ್ಲದ್ದನ್ನು ಹೇಳತೊಡಗಿದರು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. "ಈಗ ಕೂಗಿದ್ದು ಈ ಸಭಾಂಗಣದ ಅತಿ ಚಿಕ್ಕ ಎದೆ. ಅದು ನಮ್ಮೆಲ್ಲರಿಗಿಂತ ಬೇಗ ಓಡುತ್ತದೆ. ನಿಮ್ಮ ನಿಮ್ಮ ಎದೆಯ ಮೇಲೆ ಕೈ ಇಡಿ. ಸಿಕ್ಕಿತೇ? ನಿಮ್ಮ ವಯಸ್ಸಿನವರದು ನಿಮಿಷಕ್ಕೆ ಸುಮಾರು ತೊಂಬತ್ತು ಸಲ. ಇಲ್ಲಿ ಇನ್ನೂರೈವತ್ತು ಮಂದಿ ಇದ್ದೀರಿ. ಪ್ರದರ್ಶನ ನಲವತ್ತೈದು ನಿಮಿಷ. ದೀಪ ಆರಿದಾಗಿನಿಂದ ಮತ್ತೆ ಹತ್ತುವವರೆಗೆ, ನಿಮ್ಮೆಲ್ಲರ ಎದೆಬಡಿತ ಕೂಡಿಸಿದರೆ ಒಂದು ಮಿಲಿಯನ್. ಮಿಲಿಯನ್ ಅಂದರೆ ಈ ಕತ್ತಲೆಯಲ್ಲಿ ಕೂತಿರುವ ನೀವು."

ಕತ್ತಲೆಯಲ್ಲಿ ಕೈಗಳು ಎದೆಗೆ ಹೋದ ಬಟ್ಟೆಯ ಸರಸರ ಕೇಳಿಸಿತು. ನನ್ನ ಕೈಯೂ ಮಗಳ ಬೆನ್ನಿನ ಮೇಲೆ ಹೋಗಿತ್ತು.

"ಬಿಲಿಯನ್ ಬೇಕಾದರೆ ನಾನು ಇದೇ ಪ್ರದರ್ಶನವನ್ನು ಸಾವಿರ ಸಲ ಮಾಡಬೇಕು. ದಿನಕ್ಕೊಂದರಂತೆ ಮಾಡಿದರೆ, ಪ್ರತಿ ದಿನವೂ ಹಾಲ್ ತುಂಬಿದರೆ, ವಾರದ ರಜೆ ಬಿಟ್ಟು ಮೂರು ವರ್ಷದ ಮೇಲಾಗುತ್ತದೆ. ಅಷ್ಟು ಹೊತ್ತಿಗೆ ನೀವು ನಿಮ್ಮ ಅಮ್ಮನಷ್ಟು ಎತ್ತರ ಆಗಿರುತ್ತೀರಿ. ಈಗ ಮೇಲೆ ನೋಡಿ. ಈ ಬೆಳ್ಳಗಿನದರಲ್ಲಿ ಇರುವ ನಕ್ಷತ್ರ..." ಅತ್ತೆ ನಿಂತರು. ಹಗ್ಗದ ಮೇಲೆ ಮೂರು, ಮೂರು, ಮೂರು ಎಂದು ನಾನೂ ಮನಸ್ಸಿನಲ್ಲಿ ಎಣಿಸಿದೆ. "ನೂರು ಬಿಲಿಯನ್. ಒಂದೊಂದು ಬಡಿತಕ್ಕೆ ಒಂದೊಂದು ನಕ್ಷತ್ರ ಅಂತ ಇಟ್ಟರೆ, ನಾನು ಇಲ್ಲಿ ಮುನ್ನೂರು ವರ್ಷ ನಿಂತು ಮಾತಾಡಬೇಕು. ಗಂಟಲು ತಡೆಯುವುದಿಲ್ಲ."

ಯಾರೋ ಹುಡುಗಿ ಕತ್ತಲೆಯಲ್ಲೇ 'ವಾವ್' ಎಂದಳು. ದೊಡ್ಡದಾಗಿ ಅಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ.

ದೀಪ ಹತ್ತಿದ ಮೇಲೂ ಕೆಲವರು ಎದೆಯ ಮೇಲಿನ ಕೈ ತೆಗೆದಿರಲಿಲ್ಲ. ಮಕ್ಕಳೆಲ್ಲ ಹೊರಗೆ ಹೋಗುವವರೆಗೆ ನಿರ್ದೇಶಕರು ಮೇಜಿನ ಬಳಿಯಿಂದ ಏಳಲಿಲ್ಲ. ಬಂದವರ ಮೊದಲ ಮಾತು, "ಆರು ನಿಮಿಷ ಜಾಸ್ತಿ ಆಯ್ತಮ್ಮ. ಮುಂದಿನ ಗುಂಪು ಬಿಸಿಲಲ್ಲಿ ನಿಂತಿದೆ."

"ಒಂದು ಲಕ್ಷ ಮೂವತ್ತೈದು ಸಾವಿರ ಬಡಿತ ಪುಕ್ಕಟೆ ಕೊಟ್ಟಂಗಾಯ್ತು ಸರ್," ಎಂದರು ಅತ್ತೆ.

ಅವರು ನಕ್ಕುಬಿಟ್ಟರು. "ಶನಿಗ್ರಹದ್ದು ಸ್ವಲ್ಪ ಕಡಿಮೆ ಮಾಡಿ. ಎದೆಬಡಿತದ್ದು ಮುಟ್ಟಬೇಡಿ, ಹಾಗೇ ಇರಲಿ. ಆ ಕಂಪನಿಯವರಿಗೆ ಬೇಡ ಅಂತ ಇವತ್ತೇ ಹೇಳ್ತೀನಿ. ಆದ್ರೆ ನೀವು ರಜೆ ಹಾಕಿದ ದಿನ ಏನು ಮಾಡೋದು, ಅದೊಂದು ಯೋಚಿಸಬೇಕು."

"ಮೊಮ್ಮಗಳು ದೊಡ್ಡೋಳಾಗೋವರೆಗೂ ರಜೆ ಹಾಕಲ್ಲ ಬಿಡಿ."

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಅತ್ತೆಯ ಮುಖ ಮತ್ತೆ ಬಿಗಿಯಾಯಿತು. "ನಿಜ ಹೇಳು, ನಾನು ಕೊನೆಗೆ ನೂರು ಅಂದೆನಾ, ಸಾವಿರ ಅಂದೆನಾ? ನೆನಪೇ ಇಲ್ಲ."

"ನೂರೇ ಅಂದ್ರಿ ಅತ್ತೆ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಸಾವಿರ ಅಂದಿದ್ರೆ ನಿರ್ದೇಶಕರು ಬಿಡ್ತಿದ್ರಾ?"

ಅದು ಅವರಿಗೆ ಒಪ್ಪಿಗೆಯಾಯಿತು. ಮಗುವನ್ನು ನನ್ನಿಂದ ಬಿಚ್ಚಿ ಎತ್ತಿಕೊಂಡು, "ನೀನು ಹ್ಞಾ ಅನ್ನದೇ ಇದ್ದಿದ್ರೆ ಎಲ್ಲಿಂದ ಶುರು ಮಾಡಲಿ ಅಂತ ನಿಂತೇ ಇರ್ತಿದ್ದೆ ಕಣೇ" ಎಂದು ಅವಳ ಕಿವಿಯಲ್ಲಿ ಹೇಳಿದರು. ನಾನು ಕೇಳಿಸದವಳ ಹಾಗೆ ಬಸ್ಸಿನ ದಾರಿ ನೋಡಿದೆ.

ಮನೆಯಲ್ಲಿ ಮಾವ ಬಾಲ್ಕನಿಯಿಂದ ಒಣಗಿದ ಬಟ್ಟೆ ತಂದು ಮಡಿಸುತ್ತಾ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು: "ಏನಾಯ್ತು? ಟಿಕೆಟ್ ಕಿಟಕಿಯೋ, ಆಕಾಶವೋ?"

"ಆಕಾಶವೇ," ಎಂದರು ಅತ್ತೆ, ಚಪ್ಪಲಿ ಬಿಡುತ್ತಾ.

"ಎಷ್ಟು ನಕ್ಷತ್ರ ಕೊನೆಗೆ?"

"ನೂರು ಬಿಲಿಯನ್."

"ಅಷ್ಟೇನಾ? ಮೊನ್ನೆ ಸಾವಿರ ಇತ್ತಲ್ಲೇ! ಉಳಿದದ್ದೇನು ಮಾಡ್ದೆ?"

ಅತ್ತೆ ಮಡಿಸಿಟ್ಟ ಲಂಗೋಟಿಯೊಂದನ್ನು ತೆಗೆದು ಅವರ ಮುಖಕ್ಕೆ ಎಸೆದರು. ಮಗಳು ಅದನ್ನು ನೋಡಿ ನಕ್ಕಳು. ನಾನು ಟೀ ಇಡಲು ಒಳಗೆ ಹೋದೆ.